ಮರದ ಅಚ್ಚಿನ ಚಾಕೊಲೇಟ್ ಗಿಳಿ

ಸಂಕ್ರಾಂತಿಗೆ ನಮ್ಮತ್ತೆ ಮಾಡುವ ಸಕ್ಕರೆ ಅಚ್ಚಿನಷ್ಟು ಬೆಳ್ಳಗಿನದು ಹಂಪಾಪುರದ ಆಸುಪಾಸಿನಲ್ಲಿ ಯಾರ ಮನೆಯಲ್ಲೂ ಸಿಗುವುದಿಲ್ಲ. ಸೊಸೆಯಾದ ನಾನೇ ಇದನ್ನು ಹೇಳುತ್ತಿದ್ದೇನೆ ಎಂದಮೇಲೆ ನೀವು ನಂಬಲೇಬೇಕು. ಪಾಕಕ್ಕೆ ಹಾಲು ಬಿಟ್ಟು ಕೊಳೆ ತೆಗೆದು, ಬಿಳಿ ಪಂಚೆಯ ತುಂಡಿನಲ್ಲಿ ಸೋಸಿ, ತೃಪ್ತಿಯಾಗದೆ ಮತ್ತೆ ಸೋಸಿ, ತವರಿನಿಂದ ತಂದ ಮರದ ಅಚ್ಚುಗಳಿಗೆ ಹುಯ್ಯುತ್ತಾರೆ. ಎರಡು ಹೋಳು ಮರವನ್ನು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿದರೆ ಒಳಗೊಂದು ಗಿಳಿ, ಇನ್ನೊಂದರಲ್ಲಿ ಮೀನು, ಮತ್ತೊಂದರಲ್ಲಿ ತುಳಸಿಕಟ್ಟೆ. ಚೂರು ಹಳದಿಗೆ ತಿರುಗಿದ್ದನ್ನೂ ಅವರು ಎಳ್ಳಿನ ತಟ್ಟೆಗೆ ಇಡುವುದಿಲ್ಲ. ಅದನ್ನು ಅಲ್ಲೇ ಮೊಮ್ಮಕ್ಕಳ ಬಾಯಿಗೆ ಹಾಕಿ ಸಾಕ್ಷಿ ಇಲ್ಲದಂತೆ ಮಾಡುತ್ತಾರೆ. ಆ ಅಚ್ಚುಗಳನ್ನು ಯಾರಿಗೂ ಎರವಲು ಕೊಟ್ಟವರಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಕೇರಳದ ಸಂಸಾರವೊಂದಿದೆ. ಗಂಡ ಇಲ್ಲಿ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಹಾಕುತ್ತಾರೆ. ಹೆಂಡತಿಯನ್ನು ನಾನು ಚೇಚಿ ಎಂದು ಕರೆಯುತ್ತೇನೆ, ಅವರ ಭಾಷೆಯಲ್ಲಿ ಅಕ್ಕ ಎಂದರ್ಥ. ಪ್ರತಿ ಈಸ್ಟರಿಗೂ ಚೇಚಿಯ ಮನೆಯಿಂದ ಒಂದು ಸ್ಟೀಲ್ ತಟ್ಟೆ ಬರುತ್ತದೆ. ಅದರಲ್ಲಿ ಕೇಕು, ಬಣ್ಣದ ಕಾಗದ ಸುತ್ತಿದ ಚಾಕೊಲೇಟ್ ಮೊಟ್ಟೆ. ಯುಗಾದಿಯ ಒಬ್ಬಟ್ಟಿಗೆ ಮೂಗು ಮುರಿಯುವ ನನ್ನ ಮಕ್ಕಳು ಆ ತಟ್ಟೆಗಾಗಿ ಬೆಳಗಿನಿಂದ ಬಾಗಿಲು ಕಾಯುತ್ತವೆ. ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದಲ್ಲ, ನಾವು ಬಾಳೆಹಣ್ಣೋ ಎಳ್ಳಿನ ಚಿಗಳಿಯೋ ಇಟ್ಟು ಕಳಿಸುತ್ತೇವೆ.

ಈಸ್ಟರಿಗೆ ಇನ್ನೊಂದು ವಾರ ಇದೆ ಎನ್ನುವಾಗ ಚೇಚಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಮೊಣಕೈವರೆಗೆ ಸಿಮೆಂಟಿನ ಪಟ್ಟಿ. ಗಂಡನಿಗೆ ಶುಂಠಿ ನಾಟಿಯ ಭರ. ಅವರ ಮಗ ನನ್ನ ಚಿಕ್ಕವನ ವಾರಿಗೆಯವನು, ಇನ್ನೂ ಯುಕೆಜಿ. ಈ ಸಲ ನಮ್ಮನೆಯಲ್ಲಿ ಈಸ್ಟರ್ ಮೊಟ್ಟೆ ಇಲ್ಲವಂತೆ ಎಂದು ಆ ಹುಡುಗ ಆಟದ ನಡುವೆ ಹೇಳಿದ್ದಾನೆ. ಎರಡನೇ ಕ್ಲಾಸಿನ ನನ್ನ ಮಗಳು ಅಲ್ಲೇ ನಿಂತು ಮಾತು ಕೊಟ್ಟು ಬಂದಿದ್ದಾಳೆ.

"ನಮ್ಮಮ್ಮಂಗೆ ಎಲ್ಲಾ ಬತ್ತದೆ ಕಣೋ. ನಾವೇ ಮಾಡ್ಕೊಡ್ತೀವಿ."

ನನಗೆ ಬರುವುದು ರಾಗಿಮುದ್ದೆ, ಉಪ್ಸಾರು, ಹಬ್ಬಕ್ಕೆ ನಾಲ್ಕು ಸಿಹಿ. ಕೇಕನ್ನು ನಾನು ಬೇಕರಿಯ ಗಾಜಿನ ಆಚೆಯಿಂದ ನೋಡಿದವಳೇ ಹೊರತು ಅದು ಹೇಗೆ ಹುಟ್ಟುತ್ತದೆಂದು ತಿಳಿದವಳಲ್ಲ. ನನ್ನ ಕೇಳದೆ ನನ್ನ ಹೆಸರಲ್ಲಿ ಹೀಗೆ ಒಪ್ಪಿಕೊಂಡು ಬರಬಹುದಾ ಎಂದು ಮಗಳನ್ನು ಗದರಿದೆ. ಗದರುವಾಗಲೂ ಒಳಗೊಳಗೆ ಹಿಗ್ಗಿದ್ದೆ ಎನ್ನುವುದು ಸುಳ್ಳಲ್ಲ. ನಮ್ಮಮ್ಮನಿಗೆ ಎಲ್ಲಾ ಬರುತ್ತದೆ ಎಂದು ನಂಬುವ ಜೀವ ಈ ಭೂಮಿಯ ಮೇಲೆ ಒಂದಾದರೂ ಇದೆಯಲ್ಲ! ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾರನೆಯ ದಿನದಿಂದ ಆ ಹುಡುಗ ಬೆಳಿಗ್ಗೆ ಬೆಳಿಗ್ಗೆಯೇ ಕಾಂಪೌಂಡಿನ ಹತ್ತಿರ ನಿಂತು, ಆಯ್ತಾ ಎಂದು ಕೇಳತೊಡಗಿದ. ಮಗಳು ನನ್ನ ಮುಖ ನೋಡುತ್ತಿದ್ದಳು.

ಈಸ್ಟರಿನ ಹಿಂದಿನ ದಿನ ಶನಿವಾರ ಸೆರಗು ಸಿಕ್ಕಿಸಿ ನಿಂತೆ. ಮೊಬೈಲಿನಲ್ಲಿ ಯಾರೋ ಹೆಂಗಸು ಕುಕ್ಕರಿನಲ್ಲೇ ಕೇಕ್ ಮಾಡುವುದನ್ನು ತೋರಿಸುತ್ತಿದ್ದಳು. ತಳಕ್ಕೆ ಮರಳು ಹಾಕಿ ಕಾಯಿಸಬೇಕು, ರಬ್ಬರು ವಿಷಲ್ಲು ಎರಡನ್ನೂ ತೆಗೆದಿಡಬೇಕು. ಮಕ್ಕಳು ಮರಳು ಜರಡಿ ಹಿಡಿದು ತಂದರು. ಚಿಕ್ಕವನಿಗೆ ಮೊಟ್ಟೆ ಒಡೆಯುವ ಅಧಿಕಾರ ಕೊಟ್ಟೆ. ಮೊದಲನೆಯದರಲ್ಲಿ ಲೋಳೆಗಿಂತ ಚಿಪ್ಪೇ ಜಾಸ್ತಿ ಬಿತ್ತು, ಎರಡನೆಯದು ನೆಲಕ್ಕೆ ಹೋಯಿತು, ಆಮೇಲೆ ಕೈ ಹದಕ್ಕೆ ಬಂತು. ಮಗಳು ಮೈದಾ ಮತ್ತು ಕೋಕೋ ಪುಡಿ ಕಲಸುತ್ತ ಮೂಗಿನ ತುದಿಯವರೆಗೂ ಕಂದು ಬಣ್ಣವಾದಳು. ಮುಚ್ಚಳ ತೆಗೆದಾಗ ಕೇಕು ನಡುವೆ ಬಿರುಕು ಬಿಟ್ಟಿತ್ತು, ಆದರೆ ಉಬ್ಬಿತ್ತು. ನನ್ನ ಜಂಬಕ್ಕೆ ಅಷ್ಟು ಸಾಕಾಯಿತು.

ಇನ್ನು ಚಾಕೊಲೇಟ್. ಎಚ್.ಡಿ. ಕೋಟೆಯ ಬೇಕರಿಯಿಂದ ಅದರ ದಪ್ಪ ಗಟ್ಟಿಯೊಂದನ್ನು ತರಿಸಿದ್ದೆ, ಆದರೆ ಮೊಟ್ಟೆಯ ಅಚ್ಚು ಅಲ್ಲೂ ಇರಲಿಲ್ಲ, ಸರಗೂರಿನಲ್ಲೂ ಇರಲಿಲ್ಲ. ಅಚ್ಚು ಅಚ್ಚು ಎಂದು ನಾನು ಗೊಣಗುವುದನ್ನು ಕೇಳಿ ಮಗಳು ಅಟ್ಟದ ಕಡೆ ಬೆರಳು ತೋರಿಸಿದಳು. ನಾನು ಅತ್ತೆಯ ಕಡೆ ನೋಡಿದೆ. ಬಾಯಿಬಿಟ್ಟು ಕೇಳುವ ಧೈರ್ಯ ನನಗಿರಲಿಲ್ಲ. ಅತ್ತೆ ತಾವೇ ಅಚ್ಚಿನ ಪೆಟ್ಟಿಗೆ ಇಳಿಸಿ, ಅಚ್ಚುಗಳನ್ನು ನೀರಿನ ಬಕೆಟ್ಟಿಗೆ ಹಾಕಿದರು.

ಮರದ ಅಚ್ಚು ತೆಗೆದರೆ ಮೊದಲ ಕೆಲಸ ನೆನೆಹಾಕುವುದು. ಒಣಗಿದ ಮರಕ್ಕೆ ಪಾಕ ಹುಯ್ದರೆ ಕಚ್ಚಿಕೊಂಡುಬಿಡುತ್ತದೆ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆದ್ದರಿಂದ ನಾನೂ ಯೋಚಿಸಲಿಲ್ಲ, ಅತ್ತೆಯೂ ಯೋಚಿಸಲಿಲ್ಲ. ನೆನೆದ ಅಚ್ಚುಗಳನ್ನು ಕೊಡವಿ, ಜೋಡಿಸಿ, ಕರಗಿ ಥಳಥಳ ಹೊಳೆಯುತ್ತಿದ್ದ ಚಾಕೊಲೇಟನ್ನು ಹುಯ್ದೆ. ಹುಯ್ದದ್ದೇ ತಡ, ಅದು ಒಡೆದ ಹಾಲಿನಂತೆ ತರಿತರಿಯಾಯಿತು. ಬಿಡಿಸಿ ನೋಡಿದರೆ ಗಿಳಿಯ ತಲೆ ಒಂದು ಹೋಳಿನಲ್ಲಿ, ಮೈ ಇನ್ನೊಂದರಲ್ಲಿ. ಚಿಕ್ಕವನು ಅಳತೊಡಗಿದ. ಮಗಳು ಅಳಲಿಲ್ಲ. ಕಡ್ಡಿ ತೆಗೆದುಕೊಂಡು ಅಚ್ಚಿನ ಗೀರುಗಳಿಂದ ಚಾಕೊಲೇಟ್ ಕೆರೆಯುತ್ತ ಕುಳಿತಳು. ಅವಳು ಅತ್ತಿದ್ದರೇ ವಾಸಿಯಿತ್ತು.

ಕಾಂಪೌಂಡಿನ ಹತ್ತಿರ ಓಡಿಹೋಗಿ ಚೇಚಿಯನ್ನು ಕೂಗಿದೆ. ಚಾಕೊಲೇಟಿಗೆ ಒಂದು ಹನಿ ನೀರು ಬಿದ್ದರೂ ಕೆಟ್ಟಿತು, ಅಚ್ಚು ಪೂರ್ತಿ ಒಣಗಿರಬೇಕು, ಮರವಾದರೆ ಒಳಗೆ ಜಿಡ್ಡು ಸವರಬೇಕು ಎಂದರು. ಬಂದು ಮನೆಯಲ್ಲಿ ಹೇಳಿದೆ. ಜಿಡ್ಡು ಎನ್ನುವ ಮಾತಿಗೆ ಎಲ್ಲರೂ ಅಚ್ಚುಗಳ ಕಡೆ ನೋಡಿದೆವು. ಜಿಡ್ಡು ಕುಡಿದ ಅಚ್ಚಿನಲ್ಲಿ ಸಕ್ಕರೆ ಮತ್ತೆ ಬೆಳ್ಳಗೆ ಬರುವುದಿಲ್ಲ. ಎರವಲು ಕೇಳಿದವರಿಗೆಲ್ಲ ಅತ್ತೆ ಇದೇ ಮಾತು ಹೇಳಿ ಬಾಗಿಲಲ್ಲೇ ವಾಪಸು ಕಳಿಸುತ್ತಿದ್ದರು. ಬೇಡ, ಇಡ್ಲಿ ತಟ್ಟೆಗೆ ಹುಯ್ಯೋಣ, ರುಚಿ ಅದೇ ತಾನೆ ಎಂದೆ. ಮಗಳು ತಲೆ ಎತ್ತದೆ ಹೂಂ ಎಂದಳು.

ಅತ್ತೆ ಆ ಹೂಂ ಕೇಳಿಸಿಕೊಂಡರು. ಎದ್ದು ಹೋಗಿ ತುಪ್ಪದ ಗಿಂಡಿ ತಂದರು.

"ಕೂಸು ಮಾತ್ ಕೊಟ್ಟವ್ಳೆ. ಅದು ಉಳೀಲಿ. ಸಕ್ರೆದು ಏನ್ ಬುಡು."

ಬಿಸಿಲಿಗಿಟ್ಟರೆ ಮರ ಸೀಳುತ್ತದೆಂದು ಅಚ್ಚುಗಳನ್ನು ಒರೆಸಿ ಹಜಾರದಲ್ಲಿ ಫ್ಯಾನಿನ ಕೆಳಗೆ ಹರವಿದೆವು. ಫ್ಯಾನು ಎರಡು ಸುತ್ತು ಸುತ್ತಿತೋ ಇಲ್ಲವೋ ಕರೆಂಟು ಹೋಯಿತು. ಮಕ್ಕಳಿಬ್ಬರೂ ಮೊರ ಹಿಡಿದು ಬೀಸಿದರು. ನೀರು ಕುಡಿಯಲು ಎದ್ದವರೂ ಓಡಿ ಬಂದು ಮತ್ತೆ ಬೀಸಿದರು. ಕೆನ್ನೆ ಕೆಂಪಾಗಿ, ಕೂದಲು ಹಣೆಗಂಟಿ, ಯಾರದೋ ಮನೆಯ ಹಬ್ಬಕ್ಕಾಗಿ ಬೆವರುತ್ತಿದ್ದ ಆ ಎರಡು ಜೀವಗಳನ್ನು ನೋಡಿ ನನಗೆ ಹೆಮ್ಮೆಯಾಯಿತು. ಇವು ನನ್ನವು ಎಂದುಕೊಂಡೆ. ಸಂಜೆ ಕರೆಂಟು ಬಂತು, ಅಚ್ಚೂ ಒಣಗಿತ್ತು. ಅತ್ತೆ ಬೆರಳನ್ನು ತುಪ್ಪಕ್ಕೆ ಅದ್ದಿ, ಗಿಳಿಯ ರೆಕ್ಕೆ, ಮೀನಿನ ಹುರುಪೆ, ತುಳಸಿಕಟ್ಟೆಯ ಮೂಲೆ ಎಲ್ಲಕ್ಕೂ ತಾವೇ ಸವರಿದರು. ಉಳಿದಿದ್ದ ಚಾಕೊಲೇಟನ್ನು ಕರಗಿಸಿ ಹುಯ್ದು ಫ್ರಿಜ್ಜಿನಲ್ಲಿಟ್ಟೆ. ತೆಗೆದು ಮೆಲ್ಲಗೆ ತಟ್ಟಿದಾಗ ಗಿಳಿ ಇಡಿಯಾಗಿ ಕೈಗೆ ಬಂತು. ಅತ್ತೆ ಕನ್ನಡಕ ಹಾಕಿಕೊಂಡು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಕಣ್ಣು ಕೂಡ ಚೆನ್ನಾಗಿ ಮೂಡಿದೆ ಎಂದರು.

ಕ್ರಿಸ್ಮಸ್ಸಿಗೆ ಕೇಕು ಹೊತ್ತು ಬಂದಿದ್ದ ಚೇಚಿಯ ಸ್ಟೀಲ್ ತಟ್ಟೆ ಇನ್ನೂ ಹಿಂದಿರುಗಿಸದೆ ನಮ್ಮಲ್ಲೇ ಉಳಿದಿತ್ತು. ಈಸ್ಟರಿನ ಬೆಳಿಗ್ಗೆ ಅದರಲ್ಲೇ ಬಿರುಕು ಬಿಟ್ಟ ಕೇಕನ್ನಿಟ್ಟು, ಮೇಲೆ ಗಿಳಿಗಳನ್ನು ಕೂರಿಸಿ, ಸುತ್ತ ಮೀನು, ತುಳಸಿಕಟ್ಟೆ ಜೋಡಿಸಿ ಮಗಳ ಕೈಗೆ ಕೊಟ್ಟೆ. ಅವರು ಆಗಷ್ಟೇ ಚರ್ಚಿನಿಂದ ಬಂದಿದ್ದರು. ಹುಡುಗ ತಟ್ಟೆಯನ್ನು ಈ ಕಡೆಯಿಂದ ಆ ಕಡೆಯಿಂದ ನೋಡಿ, ಮೊಟ್ಟೆ ಎಲ್ಲಿ ಎಂದ. ಅದೊಂದನ್ನು ಬಿಟ್ಟು ಎಲ್ಲಾ ಮಾಡಿದ್ದೆವು.

"ಮೊಟ್ಟೆ ಒಡ್ದು ಗಿಳಿ ಆಚೆ ಬಂದದೆ ಕಣೋ," ಎಂದಳು ನನ್ನ ಮಗಳು.

ಹುಡುಗನಿಗೆ ಅದು ಸರಿ ಎನಿಸಿತು. ಒಂದು ಗಿಳಿ ಎತ್ತಿಕೊಂಡು ಕೊಕ್ಕಿನಿಂದ ತಿನ್ನಲು ಶುರುಮಾಡಿದ. ಚೇಚಿ ನಗುತ್ತ ನಗುತ್ತ ಪಟ್ಟಿ ಹಾಕಿದ ಕೈಯನ್ನು ಹಿಡಿದುಕೊಂಡು ಕುರ್ಚಿಗೆ ಕುಳಿತರು. ಕಣ್ಣಲ್ಲಿ ನೀರೂ ಇತ್ತು. ನಾನಂತೂ ಆ ದಿನ ರಸ್ತೆಯಲ್ಲಿ ಸಿಕ್ಕವರಿಗೆಲ್ಲ, ಕೇಳಲಿ ಬಿಡಲಿ, ನನ್ನ ಮಗಳು ಹೇಳಿದ ಮಾತನ್ನು ಹೇಳಿಕೊಂಡು ಬಂದೆ.

ಮುಂದಿನ ಸಂಕ್ರಾಂತಿಗೆ ಅಚ್ಚುಗಳನ್ನು ಸೀಗೆಪುಡಿಯಲ್ಲಿ ಉಜ್ಜಿ, ಕುದಿಯುವ ನೀರಿನಲ್ಲಿ ಹಾಕಿ ತೆಗೆದೆ. ಏನೂ ಪ್ರಯೋಜನವಾಗಲಿಲ್ಲ. ಸಕ್ಕರೆ ಗಿಳಿಗಳು ಹಾಲು ಕಡಿಮೆಯಾದ ಟೀ ಬಣ್ಣಕ್ಕೆ ಬಂದವು. ಅಂಗಡಿಯಿಂದ ಬಿಳಿಯದು ತರಿಸಿಬಿಡೋಣ ಎಂದೆ. ಅತ್ತೆ ಒಂದನ್ನೂ ಬಚ್ಚಿಡದೆ ಎಲ್ಲವನ್ನೂ ಎಳ್ಳಿನ ತಟ್ಟೆಗೆ ಜೋಡಿಸಿದರು. ಮಧ್ಯಾಹ್ನ ಅವರ ಓರಗಿತ್ತಿ ಬಂದರು. ಸಕ್ಕರೆ ಅಚ್ಚಿನ ವಿಷಯದಲ್ಲಿ ಇಬ್ಬರಿಗೂ ಹಳೆಯ ಪೈಪೋಟಿ. ಆಕೆ ಒಂದು ಗಿಳಿಯನ್ನು ಬೆಳಕಿಗೆ ಹಿಡಿದು, ಏನಕ್ಕ ಈ ಸಲ ಸಕ್ಕರೆ ಕಂದಿದೆಯಲ್ಲ ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ಹೇಳಿದರು.

"ಕಂದಿಲ್ಲ ಕಣವ್ವ. ನಮ್ ಕೂಸು ಆಡಿದ್ ಮಾತು ಉಳುಸ್ಕಂಡ್ಳು, ಅದುರ್ ಬಣ್ಣ. ಇನ್ನೊಂದ್ ತಕೊ."

ಓರಗಿತ್ತಿ ಇನ್ನೊಂದು ತೆಗೆದುಕೊಂಡರು.