ಆರು ಕಾರ್ಡುಗಳ ಕಾವು

ಜೇವರ್ಗಿಯ ಹಸನಸಾಬನಿಗೆ ಸರಿಯಾಗಿರುವ ವಸ್ತುವನ್ನು ಕಂಡರೆ ಆಗುತ್ತಿರಲಿಲ್ಲ. ಕೆಟ್ಟದ್ದು ಸಿಕ್ಕರೆ ರಿಪೇರಿ ಮಾಡಿ ಸುಮ್ಮನಾಗುತ್ತಿದ್ದ. ಸರಿಯಿದ್ದದ್ದು ಸಿಕ್ಕರೆ ಅದಕ್ಕೆ ಉಳಿಗಾಲವಿರಲಿಲ್ಲ. ಏಳನೆಯ ವಯಸ್ಸಿಗೆ ಅಬ್ಬಾನ ರೇಡಿಯೊ ಬಿಚ್ಚಿದ. ಮದುವೆಯಾದ ವಾರದೊಳಗೆ ಮಾವನ ಮನೆಯಿಂದ ಬಂದ ಮಿಕ್ಸರಿನ ವೇಗ ಹೆಚ್ಚಿಸಿದ. ಚಟ್ನಿ ಜಂತಿಗೆ ಹಾರಿತು. ಹೆಂಡತಿ ಸುಲ್ತಾನಬಿ ಜಂತಿ ಒರೆಸಿ, ಮರುದಿನದಿಂದ ಒರಳಿನಲ್ಲೇ ರುಬ್ಬತೊಡಗಿದಳು.

ಬಸ್ ನಿಲ್ದಾಣದ ಹಿಂದೆ ಅವನದು ಮೋಟರ್ ವೈಂಡಿಂಗ್ ದುಕಾನ. ಕೊಳಕೂರದಿಂದ, ಯಡ್ರಾಮಿಯಿಂದ, ಅಫಜಲಪುರದ ಕಬ್ಬಿನ ಹೊಲಗಳಿಂದ ಸುಟ್ಟ ಪಂಪುಗಳು ಅಲ್ಲಿಗೆ ಬರುತ್ತಿದ್ದವು. ಲಾಕ್‌ಡೌನಿನಲ್ಲಿ ಆ ದುಕಾನವೂ ಮುಚ್ಚಿತು. ಕೈಗೆ ಕೆಲಸವಿಲ್ಲದ ಹಸನಸಾಬನ ಕಣ್ಣಿಗೆ ಮೊಬೈಲಿನಲ್ಲಿ ಎಥೀರಿಯಂ ಎಂಬ ನಾಣ್ಯ ಬಿತ್ತು. ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡು ಸಿಕ್ಕಿಸಿ ಬಿಡುವಿಲ್ಲದೆ ಲೆಕ್ಕ ಮಾಡಿಸಿದರೆ, ಕೈಗೆ ಸಿಗದ ಆ ನಾಣ್ಯದ ಚೂರುಪಾರು ಬಂದು ಬೀಳುತ್ತದಂತೆ. ಕಲಬುರಗಿಯಲ್ಲಿ ಮುಚ್ಚುತ್ತಿದ್ದ ಅಂಗಡಿಯೊಂದರಿಂದ ಆರು ಹಳೆಯ ಕಾರ್ಡು ತಂದು, ಪಡಸಾಲೆಯಲ್ಲಿ ಕಬ್ಬಿಣದ ಚೌಕಟ್ಟಿಗೆ ಸಾಲಾಗಿ ಕೂರಿಸಿದ.

ಎದುರುಮನೆಯ ದೇವೀಂದ್ರಪ್ಪ ನಿವೃತ್ತ ಲೈನ್‌ಮನ್. ಬಂದು ಚೌಕಟ್ಟನ್ನು ಸುತ್ತು ಹಾಕಿ ನೋಡಿದ.

“ಅಲ್ಲೋ ಹಸನಸಾಬ, ಇದು ಏನ್ ತಯಾರ್ ಮಾಡ್ತದ?”

“ಲೆಕ್ಕ ಬಿಡಸ್ತದ್ರಿ ಕಾಕಾ.”

“ಯಾರ ಲೆಕ್ಕ?”

“ಯಾರದೂ ಅಲ್ರಿ.”

“ಯಾರದೂ ಅಲ್ಲದ ಲೆಕ್ಕಕ್ಕ ನಮ್ಮ ಓಣಿ ಟ್ರಾನ್ಸ್‌ಫಾರ್ಮರ್ ಬಿಸಿ ಆಗಾಕತ್ತದಲ್ಲೋ!”

ನಾಣ್ಯ ಎಷ್ಟು ಬಂತು ಎಂಬುದು ಹಸನಸಾಬನಿಗೂ ಮುಖ್ಯವಾಗಿರಲಿಲ್ಲ. ಅವನನ್ನು ಹಿಡಿದು ಕೂರಿಸಿದ್ದು ಬೇರೆಯೇ. ಆ ಕಾರ್ಡುಗಳ ಮೆಮರಿಯ ವೇಗ ಏರಿಸಬಹುದಿತ್ತು, ವೋಲ್ಟೇಜು ಇಳಿಸಬಹುದಿತ್ತು. ಮೆಮರಿ ಏರಿದಷ್ಟೂ ಲೆಕ್ಕ ಬೇಗ. ವೋಲ್ಟೇಜು ಇಳಿದಷ್ಟೂ ಕರೆಂಟು ಕಡಿಮೆ, ಬಿಸಿ ಕಡಿಮೆ. ಎರಡರಲ್ಲಿ ಯಾವುದು ಕೂದಲೆಳೆಯಷ್ಟು ಅತಿಯಾದರೂ ಕಾರ್ಡು ತೆಪ್ಪಗೆ ಮಲಗಿಬಿಡುತ್ತಿತ್ತು. ಇಂಥ ಆಟಿಕೆ ಅವನಿಗೆ ಜನ್ಮದಲ್ಲೇ ಸಿಕ್ಕಿರಲಿಲ್ಲ. ನೂರಿಪ್ಪತ್ತು ವ್ಯಾಟ್ ಕುಡಿಯುತ್ತಿದ್ದ ಕಾರ್ಡನ್ನು ನೂರಾ ಹದಿನೈದಕ್ಕೆ ಇಳಿಸಿದ ದಿನ ಓಣಿಗೆಲ್ಲ ಹೇಳಿಕೊಂಡು ಬಂದ. ಸರಸಂಬಾದಲ್ಲಿ ಹೆಂಡತಿಯ ತಂಗಿಯ ಮದುವೆ. ಊಟಕ್ಕೆ ಕೂತವನು, ನಾಲ್ಕನೆಯ ಕಾರ್ಡು ಮಲಗಿದೆ ಎಂದು ಮೊಬೈಲು ಕೂಗಿದ್ದಕ್ಕೆ ಬಿರ್ಯಾನಿ ಬಿಟ್ಟು ಎದ್ದ. ಮಾವ ಇವತ್ತಿಗೂ ಆ ಅವಮಾನ ಮರೆತಿಲ್ಲ.

ಆ ಯಂತ್ರದಿಂದ ಮನೆಗೆ ಮೊದಲು ಉಪಯೋಗ ಕಂಡದ್ದು ಸುಲ್ತಾನಬಿ. ಒಂದು ಚಳಿಗಾಲ ಅವಳ ಜವಾರಿ ಕೋಳಿ ಕಾವು ಬಿಟ್ಟು ಎದ್ದುಹೋಯಿತು. ತತ್ತಿ ಬಿಸಾಡಲು ಮನಸ್ಸಾಗದೆ, ಕಾರ್ಡುಗಳ ಬಿಸಿಗಾಳಿ ಬಡಿಯುವಲ್ಲಿ ಮಾವಿನಹಣ್ಣಿನ ಪೆಟ್ಟಿಗೆಯೊಂದನ್ನು ಇಟ್ಟು, ಆರು ತತ್ತಿ ಒಳಗಿಟ್ಟು, ಪಕ್ಕದಲ್ಲಿ ಒಂದು ಬಟ್ಟಲು ನೀರಿಟ್ಟಳು. ಜ್ವರ ನೋಡುವ ಡಿಜಿಟಲ್ ಕಡ್ಡಿಯಿಂದ ಆಗಾಗ ಬಿಸಿ ನೋಡಿದಳು. ಐದು ಮರಿ ಎದ್ದವು. ಹಸನಸಾಬನ ಕಂಪ್ಯೂಟರ್ ಮರಿ ಹಾಕಿತೆಂದು ಊರೆಲ್ಲ ನಕ್ಕಿತು.

ಅವಳ ಮಹಿಳಾ ಸಂಘ ಮಾತ್ರ ನಗಲಿಲ್ಲ. ಮರುವರ್ಷ, ಅಂದರೆ ಎರಡು ಸಾವಿರದ ಇಪ್ಪತ್ತೆರಡರ ಆಗಸ್ಟ್ ಕೊನೆಯಲ್ಲಿ, ಸಂಘದ ಹದಿನಾಲ್ಕು ಮನೆಗಳಿಂದ ಮೂರು ಮೂರರಂತೆ ನಲವತ್ತೆರಡು ತತ್ತಿ ಬಂದವು. ಒಂದೊಂದರ ಮೇಲೂ ಸೀಸದಕಡ್ಡಿಯಲ್ಲಿ ಕೊಟ್ಟವಳ ಹೆಸರು: ನೀತಾ, ಕೈನಾತ, ಸುಲಭಾ. ಸಂಘದ ಮುಖ್ಯಸ್ಥೆ ನಿಶಾತ ಸ್ಪಷ್ಟವಾಗಿ ಹೇಳಿದ್ದಳು: ಈ ಸಲ ಮರಿ ಎದ್ದರೆ ಸಂಘದ ಕೋಳಿ ಸಾಕಣೆಯ ಕೆಲಸವೆಲ್ಲ ಸುಲ್ತಾನಬಿಯ ಕೈಗೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳ ಕೈಗೆ ಯಾರೂ ಏನನ್ನೂ ನಂಬಿ ಕೊಟ್ಟಿರಲಿಲ್ಲ. ಆ ರಾತ್ರಿ ಅವಳು ಊಟವನ್ನೇ ಮರೆತಳು.

ತತ್ತಿ ಇಡುವ ಮೊದಲು ಗಂಡನನ್ನು ಕೇಳಿದಳು: “ಇಪ್ಪತ್ತೊಂದು ದಿನ ಇದು ಹಿಂಗೇ ನಡೀತದಲ್ರಿ? ನಡುವ ನಿಲ್ಲಂಗಿಲ್ಲಲ್ಲ?”

“ನನ್ನ ಕೈಯಾಗ ಇದ್ದ ಮಷೀನು ನಿಲ್ತದೇನು?” ಎಂದ ಹಸನಸಾಬ.

ನಿಲ್ಲುತ್ತದೆಂದು ಅವನಿಗೆ ಗೊತ್ತಿತ್ತು. ಸೆಪ್ಟೆಂಬರ್ ನಡುವಿನಲ್ಲಿ ಎಥೀರಿಯಂ ತನ್ನ ಪದ್ಧತಿಯನ್ನೇ ಬದಲಿಸುತ್ತದೆ, ಆಮೇಲೆ ಕಾರ್ಡುಗಳಿಗೆ ಕೆಲಸವಿಲ್ಲ ಎಂದು ಅವನ ಮೊಬೈಲ್ ಗುಂಪಿನಲ್ಲಿ ಎಲ್ಲರೂ ಬಾಯಿ ಬಡಿದುಕೊಳ್ಳುತ್ತಿದ್ದರು. ಆದರೆ ಆ ತಾರೀಖು ವರ್ಷಗಳಿಂದ ಮುಂದಕ್ಕೆ ಹೋಗುತ್ತಲೇ ಇತ್ತು. ಈ ಸಲವೂ ಹೋಗುತ್ತದೆಂದು ತನಗೆ ತಾನೇ ಹೇಳಿಕೊಂಡ. ಹೆಂಡತಿಗೆ ಹೇಳಿದರೆ, ಎರಡು ವರ್ಷ ತಾನು ಪೂಜಿಸಿದ್ದಕ್ಕೆ ಕೊನೆಯ ತಾರೀಖು ಬಂದಿದೆ ಎಂದು ಒಪ್ಪಿಕೊಂಡಂತಾಗುತ್ತಿತ್ತು. ಹೇಳಲಿಲ್ಲ.

ಸುಲ್ತಾನಬಿಗೆ ಭಯವಿದ್ದದ್ದು ಬೇರೆ. ಗಂಡ ವೋಲ್ಟೇಜು ಒಂದಿಷ್ಟು ಇಳಿಸಿದರೂ ಪೆಟ್ಟಿಗೆ ತಣ್ಣಗಾಗುತ್ತದೆ. ಅದಕ್ಕೇ ಕಂಪ್ಯೂಟರಿನ ಮೌಸು ಕಿತ್ತುಕೊಂಡು ತನ್ನ ಎಲೆಯಡಿಕೆಯ ಪಾನ್‌ದಾನಿನಲ್ಲಿಟ್ಟು ಮುಚ್ಚಿದಳು. ಹಸನಸಾಬನಿಗೆ ಅದು ಕಠಿಣ ಉಪವಾಸ. ಒಂಬತ್ತನೆಯ ದಿನ ಗುಂಪಿನಲ್ಲಿ ಯಾರೋ ಹೊಸ ಸಂಖ್ಯೆಗಳನ್ನು ಹಾಕಿದರು, ಅದರಿಂದ ಇನ್ನೂ ಮೂರು ವ್ಯಾಟ್ ಉಳಿಯುತ್ತದಂತೆ. ಅವನು ಪಡಸಾಲೆಯಲ್ಲಿ ಶತಪಥ ತಿರುಗಿದ. ಹೆಂಡತಿ ಅಡುಗೆಮನೆಯಲ್ಲಿದ್ದಾಗ ಪಾನ್‌ದಾನಿನ ತನಕ ಹೋಗಿ, ಒಂದು ಅಡಿಕೆ ಬಾಯಿಗೆ ಹಾಕಿಕೊಂಡು ವಾಪಸು ಬಂದ. ಕರೆಂಟು ಹೋದಾಗ ದುಕಾನದ ಬ್ಯಾಟರಿ ತಂದು ಜೋಡಿಸಿದ್ದು ಮಾತ್ರ ಅವನಿಗೆ ಸಿಕ್ಕ ಸುಖ.

ಹತ್ತೊಂಬತ್ತನೆಯ ದಿನ ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದ ಸುಲ್ತಾನಬಿಯ ಕೈ ನಿಂತಿತು. ಪಡಸಾಲೆಯಲ್ಲಿ ಕಾರ್ಡುಗಳ ಫ್ಯಾನುಗಳ ಮೊರೆತ ತಗ್ಗಿತ್ತು. ಓಡಿ ಬಂದು ನೋಡಿದರೆ ಆರೂ ಕಾರ್ಡು ಸುಮ್ಮನಿದ್ದವು, ಹಸನಸಾಬ ಬಾಗಿಲಲ್ಲಿ ಮೊಬೈಲು ಹಿಡಿದು ನಿಂತಿದ್ದ.

“ಕರೆಂಟ್ ಅದಲ್ರಿ, ಯಾಕ್ ನಿಂತಾವ?”

“ನಾಣ್ಯ ನಿಂತದ. ಇನ್ನ ಲೆಕ್ಕ ಇಲ್ಲ ಅದಕ್ಕ.”

“ನಿಮಗ ಗೊತ್ತಿತ್ತೇನು?”

ಅವನು ಮೊಬೈಲನ್ನು ಬೆನ್ನ ಹಿಂದೆ ಹಿಡಿದ. ಅವಳಿಗೆ ಅಷ್ಟೇ ಸಾಕಾಯಿತು. ಪೆಟ್ಟಿಗೆಯಲ್ಲಿ ಕಡ್ಡಿ ಮೂವತ್ತಾರು ಡಿಗ್ರಿ ತೋರಿಸುತ್ತಿತ್ತು, ಬೇಕಾದದ್ದು ಮೂವತ್ತೇಳೂವರೆ. ಅತ್ತು ರಂಪ ಮಾಡಲು ಅವಳಿಗೆ ಸಮಯವಿರಲಿಲ್ಲ. ಪಾನ್‌ದಾನು ತೆಗೆದು, ಸುಣ್ಣ ಮೆತ್ತಿದ್ದ ಮೌಸನ್ನು ಅವನ ಕೈಗೆ ಕುಕ್ಕಿದಳು.

“ಹಿಡೀರಿ. ಎಷ್ಟು ತಿರಗಸ್ತೀರೋ ಈಗ ತಿರಗಸ್ರಿ.”

ಹಸನಸಾಬ ಬೇರೊಂದು ನಾಣ್ಯಕ್ಕೆ ಕಾರ್ಡುಗಳನ್ನು ಹಚ್ಚಿದ, ಯಾರೂ ಮೂಸಿ ನೋಡದ ನಾಣ್ಯ. ಅದರ ಲೆಕ್ಕ ಹೆಚ್ಚು ಜೋರಿನದು. ಎರಡು ವರ್ಷ ಅವನು ತಪಸ್ಸು ಮಾಡಿ ಇಳಿಸಿದ್ದ ವೋಲ್ಟೇಜಿನಲ್ಲಿ ಕಾರ್ಡುಗಳು ನಿಮಿಷವೂ ನಿಲ್ಲಲಾರದೆ ಒಂದೊಂದಾಗಿ ಮಲಗಿದವು. ಕಡ್ಡಿ ಮೂವತ್ತೈದಕ್ಕೆ ಇಳಿಯಿತು, ಆಮೇಲೆ ಮೂವತ್ತನಾಲ್ಕಕ್ಕೆ. ವೋಲ್ಟೇಜು ಏರಿಸಿದ, ಮೆಮರಿ ಇಳಿಸಿದ, ಅಂದರೆ ತನ್ನ ಸಾಧನೆಯನ್ನೆಲ್ಲ ತಾನೇ ಅಳಿಸಿದ. ಕಾರ್ಡುಗಳು ಎದ್ದವು, ಹಸಿದ ಎಮ್ಮೆಗಳಂತೆ ಕರೆಂಟು ಕುಡಿದವು. ಸಂಜೆಗೆ ಪೆಟ್ಟಿಗೆ ನಲವತ್ತಕ್ಕೆ ಹೋಯಿತು, ಮತ್ತೆ ಇಳಿಸಿದ. ಎರಡು ದಿನ ಹೀಗೇ, ಒಂದು ಕೈಯಲ್ಲಿ ಮೌಸು, ಇನ್ನೊಂದರಲ್ಲಿ ಜ್ವರದ ಕಡ್ಡಿ. ಸುಲ್ತಾನಬಿ ಪೆಟ್ಟಿಗೆಗೆ ಒದ್ದೆ ಬಟ್ಟೆ ಹೊದಿಸುತ್ತ, ತೆಗೆಯುತ್ತ ಪಕ್ಕದಲ್ಲೇ ಕೂತಿದ್ದಳು.

ಇಪ್ಪತ್ತೊಂದನೆಯ ದಿನ ಮುಂಜಾನೆ “ಸುಲಭಾ” ಎಂದು ಬರೆದ ತತ್ತಿ ಬಿರುಕು ಬಿಟ್ಟಿತು. ಮರುದಿನದ ಹೊತ್ತಿಗೆ ಇಪ್ಪತ್ತೊಂಬತ್ತು ಮರಿ ಚಿಂವ್ ಚಿಂವ್ ಎನ್ನುತ್ತಿದ್ದವು. ಹಸನಸಾಬ ಖುಷಿಯಿಂದ ಹೆಂಡತಿಯ ಮುಖ ನೋಡಿದ. ಅವಳು ಏಳದೆ ಉಳಿದ ಹದಿಮೂರು ತತ್ತಿಗಳ ಹೆಸರು ಓದುತ್ತಿದ್ದಳು. ಏಳು ಮನೆಗಳ ತತ್ತಿಗಳು ಅವು.

“ಏಳೂ ಮನಿಗಿ ನೀವೇ ಹೋಗ್ರಿ,” ಎಂದಳು. “ತತ್ತಿ ಕೆಟ್ಟಿದ್ವು ಅನಬ್ಯಾಡ್ರಿ. ಗೊತ್ತಿತ್ತು, ಹೇಳಲಿಲ್ಲ ಅನ್ರಿ.”

ಮೊದಲ ಮನೆಯಲ್ಲಿ ಅವನು ವೋಲ್ಟೇಜಿನಿಂದ ಶುರುಮಾಡಿದ. ನೀತಾ ಮೆಮರಿಯ ತನಕ ಕೇಳಿ, ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋದಳು. ಎರಡನೆಯ ಮನೆಯಲ್ಲೂ ಅದೇ ಪುರಾಣ. ಮೂರನೆಯದರಲ್ಲಿ ಮೆಮರಿ ಬಿಟ್ಟ, ಐದನೆಯದರಲ್ಲಿ ವೋಲ್ಟೇಜೂ ಬಿಟ್ಟ. ಎಲ್ಲರೂ ತಪ್ಪನ್ನು ದೇವರ ಮೇಲೆ ಹಾಕಿ ಕಳಿಸಿದರು, ಅವನ ಮೇಲೆ ಯಾರೂ ಹಾಕಲಿಲ್ಲ. ಕೊನೆಯದು ನಿಶಾತಳ ಮನೆ. ಅಲ್ಲಿ ಹೊಸ್ತಿಲ ಹೊರಗೆ ನಿಂತು ಹೇಳಿದ್ದು ಇಷ್ಟೇ: “ನಿಲ್ತದ ಅಂತ ನನಗ ಮೊದಲೇ ಗೊತ್ತಿತ್ತು. ಸುಲ್ತಾನಾಗ ಹೇಳಲಿಲ್ಲ. ತಪ್ಪು ಅಕೀದಲ್ಲ.”

ನಿಶಾತ ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಕೆಲಸ ಸುಲ್ತಾನಾಗೇ ಕೊಡ್ತೇವ್ರಿ ಹಸನಭಾಯಿ, ಅದರ ಚಿಂತಿ ಬ್ಯಾಡ. ಆದ್ರ ಒಂದು ಮಾತು. ಕೋಳಿ ಸುದ್ದಾ ಕಾವು ಬಿಟ್ಟು ಎದ್ರ ಊರಿಗೆಲ್ಲ ಕೇಳೂವಂಗ ಕೂಗ್ತದ. ನಿಮಗ ಮನ್ಯಾಗ ಇರೂ ಒಂದು ಹೆಣ್ಮಗಳಿಗಿ ಹೇಳಾಕ ಆಗಲಿಲ್ಲೇನ್ರಿ?”

ಅವಳು ಒಳಗೆ ಹೋಗಿ ಚಹಾ ತಂದುಕೊಟ್ಟಳು. ಅವನು ಅದನ್ನು ಹೊಸ್ತಿಲ ಹೊರಗೇ ನಿಂತು ಕುಡಿದ.