ಅಡಿಟಿಪ್ಪಣಿಯಲ್ಲಿ ಇಜೇರಿ

ಇಜೇರಿಯಲ್ಲಿ ತೊಗರಿ ಇಟ್ಟ ಕೋಣೆಯನ್ನು ಹೊರಗಿನವರಿಗೆ ತೋರಿಸುವುದಿಲ್ಲ. ಬೆಳೆ ಒಕ್ಕಿ ರಾಶಿ ಆದಮೇಲೆ ಒಂದಿಷ್ಟು ಮಾರಿ, ಉಳಿದದ್ದನ್ನು ರೇಟು ಏರುವ ತನಕ ಒಳಗಿಡುವುದು ವಾಡಿಕೆ. ವ್ಯಾಪಾರಿ ಬಂದು ಕೇಳಿದರೆ ಯಜಮಾನ ಹೊಸ್ತಿಲಲ್ಲೇ ನಿಂತು, "ಎಲ್ಲಾ ಮಾರೇವ್ರಿ ಸಾವಕಾರ್ರ, ಉಣ್ಣಾಕಷ್ಟ ಅದ" ಅನ್ನುತ್ತಾನೆ. ಅದು ಸುಳ್ಳೆಂದು ವ್ಯಾಪಾರಿಗೂ ಗೊತ್ತು. ಚಹಾ ಕುಡಿದು ಎದ್ದು ಹೋಗುತ್ತಾನೆ.

ಭಾಗ್ಯಜ್ಯೋತಿಗೆ ಮಾತ್ರ ಊರೆಲ್ಲ ಬಾಗಿಲು ತೆರೆಯಿತು. ಜಗದೇವಪ್ಪನ ಮಗಳು, ಅಫಜಲಪುರದ ಡಿಗ್ರಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುವವಳು, ವಿದೇಶಾಂಗ ನೀತಿ ಅಂದರೆ ಊಟ ಬಿಟ್ಟು ಕೂರುವವಳು. "ನಮ್ಮ ಹುಡುಗಿ ಬರಿಯಾಕತ್ತಾಳ, ತೋರಸ್ರಿ" ಎಂದು ಜಗದೇವಪ್ಪ ತಾನೇ ಮುಂದೆ ನಿಂತು ಮನೆಮನೆಗೆ ಕರೆದೊಯ್ದ. ಪಕ್ಕದ ಮನೆಯ ಧರ್ಮಣ್ಣನಂತೂ ದೀಪ ಹಿಡಿದು ಮೂಲೆಮೂಲೆ ತೋರಿಸಿದ.

ಅವಳ ಪ್ರಬಂಧದ ವಾದ ಸರಳವಾಗಿತ್ತು. ಸಮುದ್ರದಾಚೆಯಿಂದ ಬರುವ ಬೇಳೆಯನ್ನೇ ನೆಚ್ಚಿಕೊಂಡರೆ, ನಾಳೆ ಅಲ್ಲೊಂದು ದಂಗೆ ಎದ್ದು ಹಡಗು ನಿಂತಾಗ ಉಣ್ಣುವುದೇನು? ದೇಶದ ಭದ್ರತೆ ಗಡಿಯಲ್ಲಷ್ಟೇ ಇಲ್ಲ, ಇಂಥ ಕತ್ತಲೆ ಕೋಣೆಗಳಲ್ಲೂ ಇದೆ. ಆಮದು ಇಳಿಸಿ, ಬೆಳೆಯುವವರನ್ನು ಉಳಿಸಿಕೊಳ್ಳಿ. ಅದನ್ನು ಸಾಬೀತು ಮಾಡಲು ಊರಿನ ಹೆಸರು, ಮನೆಗಳ ದಾಸ್ತಾನು, ರೇಟಿಗೆ ಕಾಯುವ ಪದ್ಧತಿ ಎಲ್ಲವನ್ನೂ ಬಿಚ್ಚಿಟ್ಟಳು. ಸಂಶೋಧನೆಯಲ್ಲಿ ಮುಚ್ಚುಮರೆ ಇರಬಾರದೆಂದು ಗುರುಗಳು ಕಲಿಸಿದ್ದರು. ಯಾರ ಮುಂದೆ ಬಿಚ್ಚಬಾರದು ಎಂಬುದನ್ನು ಊರು ಕಲಿಸಿತ್ತು, ಅದನ್ನು ಮರೆತಳು.

ದೆಹಲಿಯ ಸಂಸ್ಥೆಯೊಂದರ ವಿಚಾರಗೋಷ್ಠಿಯಲ್ಲಿ ಪ್ರಬಂಧ ಓದಿದಾಗ ನಿವೃತ್ತ ರಾಯಭಾರಿಯೊಬ್ಬರು ಎದ್ದು ಚಪ್ಪಾಳೆ ತಟ್ಟಿದರು. ಆಮೇಲೆ ಪಂಡಿತರ ಜಗಳ. ಬಡ ಸ್ನೇಹಿತ ದೇಶಗಳ ಬೆಳೆ ನಾವು ಕೊಳ್ಳದಿದ್ದರೆ ಎದುರಾಳಿ ದೇಶ ಅಲ್ಲಿ ಕಾಲೂರುತ್ತದೆ ಎಂದಿತು ಒಂದು ಬಣ. ಸ್ವಾವಲಂಬನೆಯೇ ಭದ್ರತೆ ಎಂದಿತು ಇನ್ನೊಂದು. ಮಧ್ಯಾಹ್ನ ಎರಡೂ ಬಣ ಒಂದೇ ಮೇಜಿಗೆ ಕೂತು ದಾಲ್ ಬಡಿಸಿಕೊಂಡವು. ಆ ಬೇಳೆ ಎಲ್ಲಿಯದೆಂದು ಒಬ್ಬ ಮಹಾಶಯನೂ ಕೇಳಲಿಲ್ಲ.

ಕೆಲವು ತಿಂಗಳಿಗೆ ಅದೇ ಸಂಸ್ಥೆ ಸರ್ಕಾರಕ್ಕೆ ವರದಿ ಕೊಟ್ಟಿತು: ರೈತರೇ ತೊಗರಿ ಬಚ್ಚಿಟ್ಟು ಅಭಾವ ಹುಟ್ಟಿಸುವುದು ಕ್ಷೇತ್ರ ಅಧ್ಯಯನದಿಂದ ದೃಢಪಟ್ಟಿದೆ, ಆದ್ದರಿಂದ ಸ್ನೇಹಿತ ದೇಶಗಳೊಂದಿಗಿನ ಆಮದು ಒಪ್ಪಂದ ಮುಂದುವರಿಯಲಿ. ಅಡಿಟಿಪ್ಪಣಿಯಲ್ಲಿ ಅವಳ ಹೆಸರು, ಇಜೇರಿಯ ಹೆಸರು. ಭಾಗ್ಯಜ್ಯೋತಿ ಸಿಟ್ಟಿನಿಂದ ಸಂಸ್ಥೆಗೆ ಫೋನ್ ಮಾಡಿದಳು. "ಮೇಡಂ, ನಿಮ್ಮ ಅಂಕಿಅಂಶ ನಾವೇನೂ ತಿದ್ದಿಲ್ಲವಲ್ಲ?" ಎಂದರು ಅಲ್ಲಿಯವರು. ನಿಜ, ತಿದ್ದಿರಲಿಲ್ಲ.

ವರದಿಯ ಸುದ್ದಿ ಅವಳ ಹೆಸರಿನ ಸಮೇತ ಪೇಪರಿನಲ್ಲಿ ಬಂತು. ಧರ್ಮಣ್ಣ ಹೋಟೆಲಿನಲ್ಲಿ ಕೂತು ಎಲ್ಲರಿಗೂ ಕೇಳುವಂತೆ ಓದಿದ. ಒಪ್ಪಂದ ಮುಂದುವರಿಯಿತು, ರಾಶಿಯ ಹೊತ್ತಿಗೆ ಸರಿಯಾಗಿ ರೇಟು ಬಿತ್ತು. ಬೀಳಲು ಹತ್ತು ಕಾರಣ ಇರಬಹುದು. ಇಜೇರಿಗೆ ಗೊತ್ತಿದ್ದದ್ದು ಒಂದೇ.

ಜೇವರ್ಗಿಯಲ್ಲಿ ಬಸ್ಸು ಬದಲಿಸಿ ಅವಳು ಊರಿಗೆ ಬಂದಾಗ ಧರ್ಮಣ್ಣ ಕಂಡೂ ಕಾಣದಂತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ತವರಿನ ಪಡಸಾಲೆಯಲ್ಲಿ ಅಪ್ಪ ಕೂತಿದ್ದ.

"ಅಪ್ಪಾ, ನಾ ಹಂಗ ಬರದಿಲ್ಲ. ಅವರು ತಿರುಗಿಸ್ಯಾರ."

"ನಿನ್ನ ಕರಕೊಂಡು ತಿರುಗಿದಾಂವ ನಾ. ಊರು ಈಗ ನನ್ನ ಕೇಳಾಕತ್ತದ" ಎಂದ ಜಗದೇವಪ್ಪ.

ಅವ್ವ ಸುಂದರಬಾಯಿ ಚಹಾ ತಂದಿಟ್ಟಳು. ಬಟ್ಟಲು ಕೈಗೆತ್ತಿಕೊಂಡು ಭಾಗ್ಯಜ್ಯೋತಿ, ಚಿಕ್ಕಂದಿನಿಂದ ಪ್ರತಿ ರಾಶಿಯಲ್ಲೂ ಕೇಳುತ್ತಿದ್ದದ್ದನ್ನೇ ಕೇಳಿದಳು.

"ಈ ಸಲ ಎಷ್ಟ ಇಟ್ಟೀದಿ ಅಪ್ಪಾ?"

ಜಗದೇವಪ್ಪ ಎದ್ದು, ಕೋಣೆಯ ಬಾಗಿಲಿಗೆ ಅಡ್ಡವಾಗಿ, ಹೊಸ್ತಿಲಲ್ಲಿ ನಿಂತ.

"ಎಲ್ಲಾ ಮಾರೇವ್ರಿ ಮೇಡಂ, ಉಣ್ಣಾಕಷ್ಟ ಅದ."

ಅವಳು ಚಹಾ ಕುಡಿದು ಎದ್ದಳು.