ಚಾಚಾ ಕೂಡಿಸಿದ ನಡುಹಲಗೆ

ಮೊನ್ನೆ ನಮ್ಮ ಕಚೇರಿಯ ಕಾವಲುಗಾರ ಸೊಳ್ಳೆ ಓಡಿಸಲೆಂದು ಮೆಟ್ಟಿಲ ಕೆಳಗೆ ಹಳೆಯ ಗೋಣಿತಟ್ಟು ಸುಟ್ಟ. ಉರಿ ಆರಿ ಬರೀ ಹೊಗೆ ಉಳಿದಿತ್ತು. ಅದರ ಮೇಲೆ ನಾಲ್ಕು ಬೇವಿನೆಲೆ ಹಾಕಿದ್ದ. ಆ ವಾಸನೆ ಮೂಗಿಗೆ ತಾಕಿದ್ದೇ ತಡ, ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಎದ್ದು ಕಿಟಕಿ ಹಾಕಿದೆ, ಮತ್ತೆ ತೆಗೆದೆ. ನೀರು ಕುಡಿದು ಬಂದೆ. ಪಕ್ಕದ ಮೇಜಿನವಳು ಏನಾಯಿತೆಂದು ಕೇಳಿದರೆ ತಲೆನೋವು ಎಂದೆ. ಸುಳ್ಳು ಹೇಳುವುದರಲ್ಲಿ ನಾನು ಮೊದಲಿನಿಂದಲೂ ಚುರುಕು.

ಆ ಹೊಗೆ ನನ್ನ ಪಾಲಿಗೆ ಚಾಚಾನ ಹಿತ್ತಲಿನದು. ಆಗ ನಾನು ಮಸ್ಕಿಯಲ್ಲಿ ಗುಮಾಸ್ತೆ. ಬಾಡಿಗೆಗೆ ಹಿಡಿದ ಒಂದು ಕೋಣೆಯ ಪಕ್ಕದಲ್ಲೇ ಅವರ ಮನೆ, ಮುಂದೆ ತಗಡಿನ ಚಪ್ಪರದಲ್ಲಿ ಬಡಗಿ ಕೆಲಸ. ಓಣಿಯವರೆಲ್ಲ ಕರೆಯುವಂತೆ ನಾನೂ ಚಾಚಾ ಎಂದೆ, ಅವರ ಹೆಂಡತಿಯನ್ನು ಚಾಚಿ ಎಂದೆ. ಬಾಗಿಲು, ಚೌಕಟ್ಟು, ಕಿಟಕಿ ಅಂದರೆ ಸುತ್ತಲಿನ ಹಳ್ಳಿಯವರು ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಕೂಡಿಸಿದ ಕೀಲಿನಲ್ಲಿ ಬಸ್ಸಿನ ಟಿಕೆಟು ತೂರಿಸಿ ನೋಡುವುದು ಅವರ ಪದ್ಧತಿ. ಟಿಕೆಟು ಒಳಗೆ ಹೋಯಿತೋ, ಆ ಕೀಲು ಬಿಚ್ಚಿ ಮತ್ತೆ ಮಾಡುವರು. ಗಿರಾಕಿ ಸಾಕು ಬಿಡ್ರಿ ಎಂದರೂ ಬಿಡುತ್ತಿರಲಿಲ್ಲ. ಇದಕ್ಕಾಗಿಯೇ ಊರಿಗೆ ಹೋಗಿ ಬಂದವರ ಟಿಕೆಟುಗಳನ್ನೆಲ್ಲ ಇಸಿದುಕೊಂಡು ಅಂಗಿ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದರು. ವಾರಕ್ಕೆರಡು ನನ್ನವೂ ಅಲ್ಲಿ ಸೇರುತ್ತಿದ್ದವು.

ಜೇನು ಅವರಿಗೆ ಹತ್ತಿದ್ದು ತಡವಾಗಿ. ಯಾರೋ ಸಾಕುವವರು ಪೆಟ್ಟಿಗೆ ಮಾಡಿಸಲು ಬಂದಿದ್ದರಂತೆ. ಮಾಡುತ್ತ ಮಾಡುತ್ತ ಇವರಿಗೇ ಹುಚ್ಚು ಹಿಡಿಯಿತು. ತಾವೂ ನಾಲ್ಕು ಪೆಟ್ಟಿಗೆ ಮಾಡಿ ಹುಳ ತುಂಬಿದರು. ಒಂದು ಬೇಸಿಗೆ, ನೀರೂ ಹಸಿರೂ ಸಿಗುತ್ತದೆಂದು ಅವನ್ನು ತುರ್ವಿಹಾಳದ ಕಾಲುವೆ ಬದಿಗೆ ಒಯ್ದು ಇಟ್ಟಿದ್ದರು. ಅತ್ತ ಗದ್ದೆಗಳಿಗೆ ಔಷಧಿ ಹೊಡೆದದ್ದೇ, ಮೂರು ಪೆಟ್ಟಿಗೆಯ ಹುಳ ಬಾಗಿಲಲ್ಲೇ ರಾಶಿ ಬಿದ್ದವು. ಉಳಿದ ಒಂದನ್ನು ತಂದು ಹಿತ್ತಲಿನ ಬೇವಿನ ನೆರಳಲ್ಲಿ ಇಟ್ಟುಕೊಂಡಿದ್ದರು. ನಾನು ನೋಡಿದ್ದು ಅದೊಂದನ್ನೇ. ಅದನ್ನು ಎರಡು ಮಾಡಿ, ಎರಡನ್ನು ನಾಲ್ಕು ಮಾಡಿ, ಪಾಮನಕಲ್ಲೂರಿನ ಸೂರ್ಯಕಾಂತಿ ಹೊಲಕ್ಕೆ ಒಯ್ಯಬೇಕೆಂಬುದು ಅವರ ಲೆಕ್ಕಾಚಾರ.

ಇನ್ನು ನನ್ನ ಕಥೆ. ಗಂಡ, ನಾಲ್ಕು ವರ್ಷದ ಮಗಳು ಲಿಂಗಸುಗೂರಿನಲ್ಲಿ, ನಾನು ಇಲ್ಲಿ. ವರ್ಗಾವಣೆಗೆ ಅರ್ಜಿ ಹಾಕಿ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದೆ. ಕೋಣೆಯಲ್ಲಿ ಒಬ್ಬಳೇ ಕೂತರೆ ಗೋಡೆ ಮೈಮೇಲೆ ಬಂದಂತಾಗುತ್ತಿತ್ತು. ಅದಕ್ಕೇ ಸಂಜೆಯಾದರೆ ಅವರ ಹಿತ್ತಲಿಗೆ ಹೋಗಿ ಜೇನುಹುಳ ನೋಡುತ್ತಿದ್ದೆ. ಅವೂ ನನ್ನ ಹಾಗೇ, ಒಂದು ಗಳಿಗೆ ಕೂತಲ್ಲಿ ಕೂರುತ್ತಿರಲಿಲ್ಲ. ಚಾಚಾನ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಕೀಲು ಕೂಡಿಸಲು ಅವರಿಗೆ ಬೆರಳು ಸಾಕು, ಆದರೆ ಸಾವಿರಾರು ಹುಳದಲ್ಲಿ ಒಂದು ರಾಣಿಯನ್ನು ಬೆರಳಿನಿಂದ ಹುಡುಕಲಾದೀತೇ? ಆ ಕೆಲಸಕ್ಕೆ ನಾನು ಗಂಟುಬಿದ್ದೆ.

ಚಳಿಗಾಲ ಇಳಿಯುವ ಹೊತ್ತಿಗೆ ಪೆಟ್ಟಿಗೆ ತುಂಬಿ ತುಳುಕಿತು. ಮಧ್ಯಾಹ್ನದ ಬಿಸಿಲಿಗೆ ಹುಳಗಳು ಬಾಗಿಲ ಹೊರಗೆ ಗಡ್ಡದಂತೆ ಜೋತುಬೀಳುತ್ತಿದ್ದವು. ಪೆಟ್ಟಿಗೆಯೊಳಗಿನ ಚೌಕಟ್ಟು ಎತ್ತಿ ನೋಡಿದರೆ ಜೇನುಹುಟ್ಟಿನ ಕೆಳಅಂಚಿಗೆ ಶೇಂಗಾಕಾಯಿಯಂಥ ಗೂಡುಗಳು, ಹೊಸ ರಾಣಿ ಹುಟ್ಟುವ ಗೂಡುಗಳು.

“ಮಂದಿ ಹೆಚ್ಚಾಗೈತಿ ಬೇಟಿ, ಮನಿ ಸಾಲವಲ್ದು,” ಎಂದರು ಚಾಚಾ. “ಹೊಸ ರಾಣಿ ಹೊರಗ ಬರೂದ್ರಾಗ ಹಳೀ ರಾಣಿ ಅರ್ಧ ಮಂದಿ ಕರಕೊಂಡು ಹಾರ್ತಾಳ. ನಾವ ಮೊದಲ ಬ್ಯಾರೆ ಇಟ್ಟುಬಿಟ್ರ ಹಾರೂ ಗರಜ ಇರಂಗಿಲ್ಲ.”

ಬೇರೆ ಇಡುವುದೆಂದರೆ ಮನೆಯ ನಡುವೆ ಗೋಡೆ ಎಬ್ಬಿಸಿದಂತೆ. ಪೆಟ್ಟಿಗೆಯ ನಡುವೆ ತಳದಿಂದ ಮುಚ್ಚಳದವರೆಗೆ ಒಂದು ಹಲಗೆ ಇಳಿಸಬೇಕು. ಒಂದು ಬದಿಗೆ ಹಳೆಯ ರಾಣಿ, ಅಲ್ಲಿ ಹೊಸ ರಾಣಿಯ ಗೂಡು ಒಂದೂ ಇರಬಾರದು. ಇನ್ನೊಂದು ಬದಿಗೆ ಆ ಗೂಡುಗಳು, ಅವಕ್ಕೆ ಹಿಂದಿನಿಂದ ಬೇರೆ ಬಾಗಿಲು. ಹಳೆಯ ರಾಣಿ ಗೂಡುಗಳ ಬದಿಯಲ್ಲಿ ಉಳಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಹಲಗೆಯಲ್ಲಿ ಒಂದು ಹುಳ ತೂರುವಷ್ಟು ಸಂದಿದ್ದರೂ ಅಷ್ಟೇ. ಚಾಚಾ ಮೂರು ದಿನ ಬೇರೆ ಕೆಲಸ ಬಿಟ್ಟು ಆ ಹಲಗೆ ಹೆರೆದರು. ಪೆಟ್ಟಿಗೆಗೆ ಇಳಿಸಿ ನಾಲ್ಕೂ ಅಂಚಿಗೆ ಟಿಕೆಟು ಇಟ್ಟು ನೋಡಿದರು. ಎಲ್ಲೂ ತೂರಲಿಲ್ಲ. “ರಾಣೀನ್ನ ಹುಡುಕೂದು ನಿನ್ನ ಕೆಲಸ, ಹಲಗಿ ನನ್ನ ಕೆಲಸ,” ಎಂದು ನಕ್ಕರು. ಇಷ್ಟು ಸಣ್ಣ ಹಲಗೆಗೆ ಅಷ್ಟು ಹಿಗ್ಗುವ ಮನುಷ್ಯನನ್ನು ನಾನು ನೋಡಿರಲಿಲ್ಲ.

ಹಲಗೆ ಇಳಿಸುವ ದಿನವೇ ನಮ್ಮ ವರ್ಗಾವಣೆಯ ಪಟ್ಟಿಯೂ ಹೊರಬೀಳುವುದಿತ್ತು. ರಾಯಚೂರಿನ ಗೆಳತಿ ನೋಡಿ ಫೋನ್ ಮಾಡುತ್ತೇನೆಂದಿದ್ದಳು. ಊಟದ ಬಿಡುವಿನಲ್ಲಿ ಓಡಿಬಂದೆ. ಚಾಚಾ ಗೋಣಿತಟ್ಟು, ಬೇವಿನೆಲೆಯ ಹೊಗೆ ಕೊಟ್ಟು ಒಂದೊಂದೇ ಚೌಕಟ್ಟು ಎತ್ತಿ ಹಿಡಿದರು. ನಾನು ಬಗ್ಗಿ ನೋಡಿದೆ. ಮೊದಲನೆಯದರಲ್ಲಿ ಇಲ್ಲ, ಎರಡನೆಯದರಲ್ಲಿ ಇಲ್ಲ... ಕಣ್ಣು ಹುಳದ ಮೇಲೆ, ಕಿವಿ ಕಟ್ಟೆಯ ಮೇಲಿಟ್ಟಿದ್ದ ಫೋನಿನ ಮೇಲೆ. ನಾಲ್ಕನೆಯದು ಎತ್ತುವಾಗ ಫೋನು ಬಡಿದುಕೊಂಡಿತು. ನಿಂತಿತು. ಮತ್ತೆ ಬಡಿದುಕೊಂಡಿತು.

“ಕಂಡ್ಳು ಚಾಚಾ,” ಎಂದೆ. “ಇದರಾಗ ಅದಾಳ.”

“ಖರೇ ಕಂಡ್ಯಾ?”

“ಖರೇ.”

ಅವರು ಆ ಚೌಕಟ್ಟನ್ನು ಹಳೆಯ ರಾಣಿಯ ಬದಿಗೆ ಜೋಪಾನವಾಗಿ ಇಳಿಸಿದರು. ನಾನು ಇನ್ನೂ ನೋಡದಿದ್ದ ಎರಡು ಚೌಕಟ್ಟು ಗೂಡುಗಳ ಬದಿಗೆ ಹೋದವು. ನಡುವೆ ಹಲಗೆ ಇಳಿಯಿತು. ನಾನು ಫೋನಿಗೆ ಓಡಿದೆ. ಲಿಂಗಸುಗೂರು ಸಿಕ್ಕಿತ್ತು. ಚಾಚಿ ಅಡುಗೆಮನೆಯಿಂದ ಸಕ್ಕರೆ ತಂದು ನನ್ನ ಬಾಯಿಗೆ ಹಾಕಿದರು, ಅವರಿಬ್ಬರೂ ತಿಂದರು. ಒಂದೇ ಮಧ್ಯಾಹ್ನ ಎರಡು ಖುಷಿ ಎಂದರು ಚಾಚಾ. ನನಗೆ ಆಗ ಒಂಚೂರೂ ಅಳುಕಾಗಲಿಲ್ಲ ಎಂಬುದನ್ನು ಹೇಳಲೇಬೇಕು. ನೋಡದಿದ್ದರೇನು, ಅಲ್ಲೇ ಇದ್ದಿರಬಹುದು ಅಂದುಕೊಂಡೆ.

ನಾಲ್ಕನೇ ದಿನ ಬೆಳಿಗ್ಗೆ ನನ್ನ ಸಾಮಾನು ಗಾಡಿಗೆ ಏರಿಸುತ್ತಿದ್ದೆವು. ಹಿತ್ತಲಿನಿಂದ ಗುಂಯ್ ಎಂಬ ಸದ್ದು. ಹೋಗಿ ನೋಡಿದರೆ ಬೇವಿನ ಮೇಲೆ ಹುಳದ ಮೋಡ. ಚಾಚಿ ಕೊಡದಿಂದ ನೀರು ಎರಚಿದರು, ನಾನು ಮಣ್ಣು ತೂರಿದೆ. ಚಾಚಾ ಮುಖ ಮೇಲೆತ್ತಿ ನಿಂತಿದ್ದರು, ಸದ್ದು ಹೋದ ಕಡೆಗೆ ತಲೆ ತಿರುಗಿಸುತ್ತ. ಹಿಂಡು ಸ್ವಲ್ಪ ಹೊತ್ತು ಸುತ್ತಿ, ಮನೆಗಳ ಮೇಲಿಂದ ಸಿಂಧನೂರಿನ ದಿಕ್ಕಿಗೆ, ಔಷಧಿ ಹೊಡೆಯುವ ಆ ಗದ್ದೆಗಳಿರುವ ಕಡೆಗೇ ಹೋಯಿತು.

ಅವರು ಪೆಟ್ಟಿಗೆ ಬಿಚ್ಚಿದರು. ಗೂಡುಗಳ ಬದಿ ಅರ್ಧ ಬರಿದಾಗಿತ್ತು. ಇನ್ನೊಂದು ಬದಿಯ ಹುಳಗಳು ರಾಣಿಯಿಲ್ಲದೆ ದಿಕ್ಕೆಟ್ಟು ಓಡಾಡುತ್ತಿದ್ದವು. ಚಾಚಾ ಹಲಗೆ ಹೊರಗೆಳೆದು ಬಿಸಿಲಿಗೆ ಹಿಡಿದರು, ಕಣ್ಣು ಕಿರಿದು ಮಾಡಿದರು, ಅಂಚಿನುದ್ದಕ್ಕೂ ಬೆರಳಾಡಿಸಿದರು.

“ಎಲ್ಲೋ ಸಂದ ಉಳದೈತಿ. ರಾಣಿ ದಾಟಿ ಹೋಗ್ಯಾಳ,” ಎಂದರು. ಆಮೇಲೆ ನನ್ನ ಮುಖದ ಕಡೆ ತಿರುಗಿ, “ನೀ ಕಂಡಿದ್ದಿ, ನಿನ್ನ ಕಣ್ಣ ಸುಳ್ಳಲ್ಲ. ನನ್ನ ಕೈ ಹೋತು ಬೇಟಿ.”

ಆಗ ಹೇಳಬೇಕಿತ್ತು. ಬಾಯಿಗೆ ಬಂದಿತ್ತು... ಗಾಡಿಯವನು ಹೊತ್ತಾಯಿತೆಂದು ಹಾರ್ನ್ ಹೊಡೆದ. ಹೊಡೆಯದಿದ್ದರೂ ನಾನು ಹೇಳುತ್ತಿರಲಿಲ್ಲವೇನೋ. ಮಗಳನ್ನು ನೋಡುವ ಆತುರದಲ್ಲಿ ಗಾಡಿ ಹತ್ತಿದೆ.

ಸುದ್ದಿ ಆಮೇಲೆ ಹಳೆಯ ಸಹೋದ್ಯೋಗಿಗಳಿಂದ ತುಣುಕು ತುಣುಕಾಗಿ ಬಂತು. ಚಾಚಾ ಬಾಗಿಲು ಚೌಕಟ್ಟಿನ ಕೆಲಸ ಬಿಟ್ಟರಂತೆ. ಬಂದ ಗಿರಾಕಿಯನ್ನು ಬೇರೆಯವರ ಬಳಿ ಕಳಿಸುತ್ತಾರಂತೆ. ಉಳಿದ ಹುಳವನ್ನು ಯಾರಿಗೋ ಕೊಟ್ಟು, ಮಂಚದ ಕಾಲು, ಮಣೆ ರಿಪೇರಿ ಮಾಡಿಕೊಂಡು ಕೂತಿದ್ದಾರಂತೆ. ಪೊರೆ ತೆಗೆಸಿರೆಂದರೆ, ಕಣ್ಣು ಬಂದರೆ ಕೈ ಬರುತ್ತದೇನು ಎಂದರಂತೆ. ಒಂದೊಂದು ‘ಅಂತೆ’ಯೂ ನನಗೆ ಚುಚ್ಚುತ್ತಿತ್ತು. ಸಿಂಧನೂರಿಗೆ ಹೋಗುವಾಗಲೆಲ್ಲ ಬಸ್ಸು ಮಸ್ಕಿಯಲ್ಲಿ ನಿಲ್ಲುತ್ತದೆ. ಈ ಸಲ ಇಳಿಯುತ್ತೇನೆ ಎಂದುಕೊಳ್ಳುವುದು, ಚೀಲದ ಪಟ್ಟಿ ಹಿಡಿದುಕೊಳ್ಳುವುದು, ಬಸ್ಸು ಹೊರಟಮೇಲೆ ಬಿಡುವುದು. ವರ್ಷಗಟ್ಟಲೆ ಇದೇ ಆಯಿತು. ಕಳೆದ ವರ್ಷ ಚಾಚಾ ತೀರಿಕೊಂಡರು. ನನಗೆ ತಿಳಿಯುವಾಗ ಎರಡು ತಿಂಗಳಾಗಿತ್ತು. ಆಮೇಲಂತೂ ಮಸ್ಕಿ ಬರುತ್ತಲೇ ಕಣ್ಣು ಮುಚ್ಚಿ ನಿದ್ದೆಯ ನಾಟಕ ಆಡುತ್ತಿದ್ದೆ.

ಮೊನ್ನೆಯ ಹೊಗೆ ಆ ನಾಟಕ ಮುಗಿಸಿತು. ಭಾನುವಾರ ಮಸ್ಕಿಯಲ್ಲಿ ಇಳಿದೆ. ಚಾಚಿ ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದರು, ಗುರುತು ಹಿಡಿದು ಚಹಾ ಇಟ್ಟರು. ಚಹಾ ಮುಟ್ಟದೆ ಎಲ್ಲ ಹೇಳಿದೆ. ರಾಣಿ ಕಂಡಿರಲಿಲ್ಲ, ಫೋನಿಗಾಗಿ ಸುಳ್ಳು ಹೇಳಿದೆ, ಹಲಗೆ ಸರಿಯಾಗೇ ಇತ್ತು ಎಂದೆ. ಅವರು ಅಕ್ಕಿಯಲ್ಲಿ ಬೆರಳಾಡಿಸುತ್ತಲೇ ಕೇಳಿದರು. ಮೊರ ಬದಿಗಿಟ್ಟು ಮಾತಾಡಿದರು.

“ಹಾಸಿಗಿ ಹಿಡದಾಗೂ ಆ ಹಲಗಿ ಬಗಲಾಗ ಇಟಗೊಂಡಿರ್ತಿದ್ರು. ಸಂದ ಎಲ್ಲೈತಿ, ನೀನರ ನೋಡು ಅಂತ ನನಗ ಕೊಡ್ತಿದ್ರು. ಕಾಣವಲ್ದು ಅಂದ್ರ ಸಿಟ್ಟಿಗೇಳ್ತಿದ್ರು. ಒಂದಿನ ಸಾಕಾಗಿ, ಹೂಂ, ಕಂಡೀನಿ, ಈ ಮೂಲ್ಯಾಗ ಐತಿ ಅಂದ್ಬಿಟ್ಟೆ. ನಾ ಹೇಳಿದ್ದಿಲ್ಲೇನು ಅಂದ್ರು. ಹಲಗಿ ಕೆಳಗಿಟ್ಟು ಮಲಗಿದ್ರು. ಮತ್ತ ಕೇಳಲಿಲ್ಲ.”

ನಾನು ನೆಲಕ್ಕೆ ಬಿದ್ದ ಅಕ್ಕಿಕಾಳು ಆರಿಸತೊಡಗಿದೆ.

“ನೀ ಮೊದಲ ಬಂದು ಹೇಳಿದ್ದಿದ್ರ, ಆ ಮನಷ್ಯಾಗ ನಾ ಹಂಗ ಅನ್ನೂದು ಬೀಳ್ತಿದ್ದಿಲ್ಲ ನೋಡು,” ಎಂದರು.

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ನಾನು ಎದ್ದು ನಿಂತೆ. ಲಿಂಗಸುಗೂರಿನ ಬಸ್ಸಿಗೆ ಇನ್ನೂ ಹೊತ್ತೈತಿ, ಕುಂದ್ರು ಎಂದರು ಚಾಚಿ. ಕೂತೆ. ಚಹಾ ಆರಿಹೋಗಿತ್ತು, ಕುಡಿದೆ. ಚಾಚಾಗೆ ಹೇಳಬೇಕಾಗಿದ್ದ ಮಾತು ಅವರ ಹೆಂಡತಿಗೆ ಹೇಳಿ ಮುಗಿದಿತ್ತು. ತಮ್ಮ ಕೈ ಸರಿಯಾಗಿತ್ತೆಂದು ಚಾಚಾಗೆ ಗೊತ್ತಾಗಲೇ ಇಲ್ಲ.